ಕೊಕ್ಕೆಗೆ ತೂಗಿದ ಬೆಳಕು

"ಈ ಕೊಕ್ಕೆ ಯಾವಾಗ ಬಂತು ಸಿಸ್ಟರ್?"

ಅರೆಗಣ್ಣ ಕೇಳಿದ್ದು ಇಷ್ಟೇ. ಮೇಜು ಒರೆಸುತ್ತಿದ್ದ ಹಿರಿಯ ಸಿಸ್ಟರ್ ಕೈ ಅಲ್ಲೇ ನಿಂತುಬಿಟ್ಟಿತು.

ಕೈ ತೊಳೆಯುವ ತೊಟ್ಟಿಯ ಪಕ್ಕದ ಗೋಡೆಯಲ್ಲಿ ಹೊಳೆಯುವ ಉಕ್ಕಿನ ಕೊಕ್ಕೆ. ಅದಕ್ಕೊಂದು ಕಪ್ಪು ಕೊಳವೆಯನ್ನು ಅಂದವಾಗಿ ಸುರುಳಿ ಸುತ್ತಿ ತೂಗು ಹಾಕಿದ್ದರು. ಕೊಕ್ಕೆಯ ಸುತ್ತ ಮೆತ್ತಿದ್ದ ಸಿಮೆಂಟು ಇನ್ನೂ ಹೊಸದಾಗಿತ್ತು. ಉಳಿದ ಗೋಡೆಗೆ ಹತ್ತಿದ್ದ ಹಳದಿ ಅದಕ್ಕಿನ್ನೂ ಹತ್ತಿರಲಿಲ್ಲ.

"ಅದಾ ಸಾರ್? ಅದು... ಮೊದಲಿಂದ್ಲೂ ಇತ್ತಲ್ಲ..."

"ಮೊದಲಿಂದ ಇದ್ದಿದ್ರೆ ಮೇಷ್ಟ್ರು ಈ ಹಲಗೆ ಯಾಕೆ ಮಾಡಿಸ್ತಿದ್ರು?"

ಕಿಟಕಿಯ ಕೆಳಗೆ ಉದ್ದನೆಯ ಮರದ ಹಲಗೆಯೊಂದು ಗೋಡೆಗೊರಗಿ ನಿಂತಿತ್ತು. ಅದರ ಮೇಲೆ ತುದಿಯಿಂದ ತುದಿಗೆ ಅಂಕುಡೊಂಕಾದ ಒಂದು ತೋಡು. ತೋಡಿನ ಇಬ್ಬದಿಯಲ್ಲೂ ಅಂಟುಪಟ್ಟಿ ಕಿತ್ತ ಗುರುತು, ಅದನ್ನು ಯಾರೋ ಸ್ಪಿರಿಟ್ ಹಾಕಿ ಉಜ್ಜಿ ಉಜ್ಜಿ ತೆಗೆದ ಗುರುತು.

ಹಲಗೆಯ ಪಕ್ಕದಲ್ಲಿ ಮೇಷ್ಟ್ರ ಮಗಳು ಕೈಕಟ್ಟಿ ನಿಂತಿದ್ದಳು. ಆಸ್ಪತ್ರೆಯ ಹಿಂಬದಿ ಮೆಟ್ಟಿಲ ಬುಡದಲ್ಲಿ, ಈ ಯಂತ್ರ ಕಟ್ಟಿದ ಬೆಳಕಿನ ಮೇಷ್ಟ್ರು ತಲೆಯೊಡೆದು ಬಿದ್ದು ಪ್ರಜ್ಞೆ ತಪ್ಪಿದಂದಿನಿಂದ, ಕಾಲು ಜಾರಿದ್ದೆಂದು ಪೊಲೀಸರು ಕೈತೊಳೆದುಕೊಂಡಂದಿನಿಂದ, ಅವಳು ಹೀಗೇ ನಿಂತಿದ್ದಾಳೆ. ಅರೆಗಣ್ಣನನ್ನು ಹುಡುಕಿಕೊಂಡು ಬಂದವಳೂ ಅವಳೇ. ಮೇಷ್ಟ್ರ ಬಿಗಿಮುಷ್ಟಿಯೊಳಗೆ ಸಿಕ್ಕಿದ, ಉಗುರಿನಷ್ಟಗಲದ ಬೂದುಬಣ್ಣದ ತೆಳು ಬಿಲ್ಲೆ ಈಗ ಅವನ ಜೇಬಿನಲ್ಲಿ, ಒಂದು ಬೆಂಕಿಪೊಟ್ಟಣದೊಳಗೆ ಹತ್ತಿಯ ಮೇಲೆ ಮಲಗಿದೆ.

ಅರೆಗಣ್ಣ ಅಂದರೆ ತಪ್ಪು ತಿಳಿಯಬೇಡಿ. ಬಲಗಣ್ಣಿಗೆ ಪೊರೆ ಬಂದಿದೆ, ಯೋಚನೆ ಮಾಡುವಾಗ ಅದನ್ನು ಅರ್ಧ ಮುಚ್ಚುವುದು ಮಾತ್ರ ಮೊದಲಿನಿಂದಲೂ ಇದ್ದ ಅಭ್ಯಾಸ. ಪೊರೆ ಬರುವುದಕ್ಕೆ ಎಷ್ಟೋ ಮೊದಲು, ಚಿಕ್ಕಂದಿನಲ್ಲೇ ಆ ಹೆಸರಿಟ್ಟವಳು ತಂಗಿ. ಪೊಲೀಸ್ ಕೆಲಸ ಬಿಟ್ಟು ಪತ್ತೇದಾರಿಗೆ ಕೂತ ಮೇಲೂ ಆ ಹೆಸರು ಅವನನ್ನು ಬಿಟ್ಟಿಲ್ಲ. ಕಳ್ಳರ ಮುಂದೆ ಹುಲಿ. ಪೊರೆ ತೆಗೆಸಿಕೊಳ್ಳೋಣ ಅಂದರೆ ಮಾತ್ರ ನಾಳೆ ನಾಡಿದ್ದು ಎಂದು ಜಾರಿಕೊಳ್ಳುವ ಆಸಾಮಿ.

"ಸಿಸ್ಟರ್, ನಾನು ನಿಮ್ಮ ಮೇಲೆ ಕೇಸ್ ಹಾಕೋಕೆ ಬಂದಿಲ್ಲ. ಈ ಕೊಳವೇನ ಹಲಗೆಯಿಂದ ಬಿಡಿಸಿ ಕೊಕ್ಕೆಗೆ ಹಾಕಿದ್ದು ಯಾರು, ಅದನ್ನ ಹೇಳಿ ಸಾಕು."

ಹಿರಿಯ ಸಿಸ್ಟರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೂಲೆಗೆ ಸರಿಯಾಗಿ ಇಟ್ಟರು. ಆಮೇಲೆ ತಲೆಯೆತ್ತಿದರು.

"ನಾನೇ. ಅದರಲ್ಲಿ ತಪ್ಪೇನಿದೆ ಹೇಳಿ? ಈ ಆಸ್ಪತ್ರೇಲಿ ಯಾವ ಎಂಡೋಸ್ಕೋಪ್ ಆದ್ರೂ ತೊಳೆದ ಮೇಲೆ ತೂಗು ಹಾಕಬೇಕು. ಇಲ್ಲಾಂದ್ರೆ ನೀರು ಒಳಗೇ ನಿಲ್ಲುತ್ತೆ, ನಂಜಾಗುತ್ತೆ. ಇದೊಂದಕ್ಕೆ ಮಾತ್ರ ಮರದ ಹಾಸಿಗೆ, ಮೇಲೆ ಅಂಟುಪಟ್ಟಿ! ಆ ಅಂಟಿನ ಮೇಲೆ ಕೂತ ಕೊಳೆ ನೋಡಿದ್ರೆ ನಿಮಗೆ ವಾಂತಿ ಬರ್ತಿತ್ತು. ಶುಚಿತ್ವದ ತಪಾಸಣೆಗೆ ಬರ್ತಾರೆ ಅಂತ ಗೊತ್ತಾಯ್ತು. ಕಿತ್ತೆ, ಉಜ್ಜಿದೆ, ತೊಳೆದೆ, ತೂಗು ಹಾಕಿದೆ. ತಪಾಸಣೆಯವರು ಶಹಬ್ಬಾಸ್ ಅಂದ್ರು."

"ಅಪ್ಪ ಹಲಗೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ರಲ್ಲ, ಮುಟ್ಟಬೇಡಿ ಅಂತ!" ಮೇಷ್ಟ್ರ ಮಗಳು ಕಟ್ಟಿದ ಕೈ ಬಿಚ್ಚಿದಳು.

"ಎಲ್ಲ ಮೇಷ್ಟ್ರೂ ಎಲ್ಲದರ ಮೇಲೂ ಹಾಗೇ ಬರೀತಾರಮ್ಮ."

ಸಿಸ್ಟರ್ ಈಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಕೆಟ್ಟ ಬುದ್ಧಿಯೂ ಇರಲಿಲ್ಲ. ಜೀವಮಾನವಿಡೀ ಕೊಳೆಯ ಜೊತೆ ಜಿದ್ದಿಗೆ ಬಿದ್ದವರು ಕಣ್ಣೆದುರಿನ ಕೊಳೆ ತೆಗೆದಿದ್ದರು. ಅರೆಗಣ್ಣನಿಗೆ ಇಂಥ ಅಪರಾಧಿಗಳೆಂದರೆ ತಲೆನೋವು. ಬೈಯಲೂ ಆಗದು, ಬಿಡಲೂ ಆಗದು.

"ಈಗ ನನಗೆ ಅರ್ಥ ಆಗೋ ಹಾಗೆ ಹೇಳಮ್ಮ," ಎಂದ ಮೇಷ್ಟ್ರ ಮಗಳಿಗೆ. "ಹಲಗೆಯಿಂದ ಕೊಕ್ಕೆಗೆ ಹೋದ್ರೆ ಏನಾಗುತ್ತೆ?"

ಅವಳೂ ಅಪ್ಪನ ಜೊತೆ ಅದೇ ಕೆಲಸ ಮಾಡಿದವಳು. ಕಿಟಕಿಯ ಸರಳುಗಳ ನಡುವೆ ಅಂಗೈಯನ್ನು ನೆಟ್ಟಗೆ ತೂರಿಸಿ ತೋರಿಸಿದಳು. ಆಮೇಲೆ ಅಡ್ಡಡ್ಡ ಮಾಡಿದಳು, ಕೈ ತಡೆಯಿತು.

"ಬೆಳಕು ಸಾಮಾನ್ಯವಾಗಿ ಎಲ್ಲಾ ದಿಕ್ಕಿಗೂ ಅಲುಗಾಡ್ತಾ ಬರುತ್ತೆ ಸರ್. ಈ ದೀಪದ ಮುಂದಿರೋ ಬಿಲ್ಲೆ ಕಿಟಕಿ ಸರಳಿದ್ದ ಹಾಗೆ, ಒಂದೇ ದಿಕ್ಕಿನದನ್ನ ಮಾತ್ರ ಬಿಡುತ್ತೆ. ಅದಕ್ಕೇ ಪೋಲರೈಸ್ಡ್ ಬೆಳಕು ಅನ್ನೋದು. ಅದು ಗಾಜಿನ ಎಳೆಯೊಳಗೆ ಹೋಗಿ ಅನ್ನನಾಳದ ಮೇಲೆ ಬೀಳುತ್ತೆ. ಮೇಲ್ಮೈಯಿಂದ ಹಾಗೇ ಚಿಮ್ಮಿ ಬರೋ ಹೊಳಪನ್ನ ತುದೀಲಿರೋ ಇನ್ನೊಂದು ಬಿಲ್ಲೆ ತಡೆಯುತ್ತೆ. ಒಳಗೆ ಹೊಕ್ಕು, ದಿಕ್ಕು ಬದಲಾಯಿಸಿಕೊಂಡು ಬಂದ ಬೆಳಕು ಮಾತ್ರ ಕ್ಯಾಮೆರಾಗೆ ಸಿಗುತ್ತೆ. ಚೆನ್ನಾಗಿರೋ ಮಾಂಸದ ನಾರು ಬೆಳಕನ್ನ ಒಂದು ರೀತಿ ತಿರುಗಿಸುತ್ತೆ, ಅದು ಕೆನೆ ಬಣ್ಣ. ರೋಗ ಶುರುವಾದ ಕಡೆ ನಾರು ಕೆದರಿರುತ್ತೆ, ಅಲ್ಲಿ ಬೇರೆ ಥರ. ಪರದೆ ಮೇಲೆ ಅದು ನೀಲಿ ಮಚ್ಚೆಯಾಗಿ ಕಾಣುತ್ತೆ. ಮಾಮೂಲಿ ಬೆಳಕಲ್ಲಿ ನೋಡಿದ್ರೆ ಆ ಹೊತ್ತಿಗೆ ಏನೇನೂ ಕಾಣಲ್ಲ."

"ಸರಿ. ಕೊಕ್ಕೆ?"

"ಗಾಜಿನ ಎಳೆಯನ್ನ ಬಾಗಿಸಿದ್ರೆ, ತಿರುಚಿದ್ರೆ, ಒಳಗೆ ಹೋಗ್ತಿರೋ ಬೆಳಕಿನ ದಿಕ್ಕೇ ಕೆಟ್ಟು ಹೋಗುತ್ತೆ. ಗಂಟಲಲ್ಲಿ ಇಳಿಯೋ ಭಾಗ ನೆಟ್ಟಗಿರುತ್ತೆ, ಚಿಂತೆ ಇಲ್ಲ. ದೀಪದಿಂದ ಹಿಡಿಕೆವರೆಗಿನ ಬಾಲದ್ದೇ ಕಾಟ. ಅದಕ್ಕೇ ಅಪ್ಪ ಅದನ್ನ ತೋಡಿನಲ್ಲಿ ಮಲಗಿಸಿ, ಅಂಟಿಸಿ, ಹಾಗೇ ಹೊಂದಿಸಿ ಇಟ್ಟಿದ್ರು. ಸುರುಳಿ ಸುತ್ತಿ, ಬಿಚ್ಚಿ, ಮತ್ತೆ ಹೊಂದಿಸದೆ ಬಳಸಿದ್ರೆ..." ಅವಳು ಖಾಲಿ ತೋಡಿನ ಮೇಲೆ ಬೆರಳಿಟ್ಟಳು. "ಎಲ್ಲಾ ಬೂದಿ ಬಣ್ಣ. ಮಚ್ಚೆಯೂ ಇಲ್ಲ, ಮಣ್ಣೂ ಇಲ್ಲ. ಈ ಮೇಜಿನ ಮೇಲೆ ಮಲಗಿದವರೆಲ್ಲ ಆರೋಗ್ಯವಂತರು!"

ಹಿರಿಯ ಸಿಸ್ಟರ್ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು.

"ಅಯ್ಯೋ," ಎಂದರು. "ತಪಾಸಣೆ ಆದ ಮೇಲೆ ಒಬ್ಬರಿಗೂ ಏನೂ ಸಿಕ್ಕಿಲ್ಲ. ಎಲ್ಲರೂ ನಗ್ತಾ ನಗ್ತಾ ಮನೆಗೆ ಹೋದ್ರು. ನಮ್ಮ ಕೈಗುಣ ಅಂದ್ಕೊಂಡಿದ್ದೆನಲ್ಲ."

ಬಾಗಿಲ ಬಳಿ ಗಂಟಲು ಸರಿಮಾಡಿಕೊಂಡ ಸದ್ದು.

ಹೊಟ್ಟೆ ಡಾಕ್ಟರು. ಬಿಳಿ ಕೋಟು, ಅದಕ್ಕಿಂತ ಬಿಳಿ ನಗೆ. ಊರಿಗೆಲ್ಲ ಹೊಟ್ಟೆಯೊಳಗಿನದು ನೋಡಿ ಹೇಳುವ ಇವರ ಹೊಟ್ಟೆಯೊಳಗೆ ಏನಿದೆಯೆಂದು ಅರೆಗಣ್ಣ ಕೆಲವು ದಿನಗಳಿಂದ ಕೆದಕುತ್ತಲೇ ಇದ್ದ. ಮೇಷ್ಟ್ರ ಯಂತ್ರವನ್ನು ಆಸ್ಪತ್ರೆಗೆ ತಂದವರು ಇವರು. ಮೇಷ್ಟ್ರು ಬಿದ್ದ ಮರುದಿನ ಅದನ್ನು ದೊಡ್ಡದೊಡ್ಡವರಿಗೆ ತೋರಿಸಲಿದ್ದವರೂ ಇವರೇ.

"ಯಾವ ಸಂತೆ ಇದು ನನ್ನ ರೂಮಲ್ಲಿ?"

"ಬನ್ನಿ ಡಾಕ್ಟ್ರೇ, ನಿಮ್ಮನ್ನೇ ಕಾಯ್ತಿದ್ವಿ," ಎಂದ ಅರೆಗಣ್ಣ. "ಈ ಬಾಲವನ್ನ ಕೊಕ್ಕೆಗೆ ತೂಗು ಹಾಕಿದ್ರೆ ಚಿತ್ರ ಕೆಡುತ್ತಂತೆ. ಹೌದಾ?"

"ಯಾರು ಹೇಳಿದ್ದು? ಬೆಳಕು ಹೋಗೋ ಪೈಪು ಅದು. ಬಾಗಿದ್ರೂ ಬೆಳಕು ಹೋಗುತ್ತೆ, ಸುತ್ತಿದ್ರೂ ಹೋಗುತ್ತೆ. ನೋಡಿ, ಈಯಮ್ಮನಿಗೆ ತಂದೆ ಬಿದ್ದಿರೋ ದುಃಖ. ನನಗೆ ಅರ್ಥ ಆಗುತ್ತೆ. ಅದಕ್ಕೆ ಆಸ್ಪತ್ರೆ ಮೇಲೆ ಗೂಬೆ ಕೂರಿಸಬಾರದು."

"ಮೇಷ್ಟ್ರು ಬಿದ್ದ ವಾರ ಅವರ ಮುಖಾನೇ ನೋಡಿಲ್ಲ ಅಂದಿದ್ರಿ ನೀವು."

"ಈಗಲೂ ಅದನ್ನೇ ಹೇಳ್ತೀನಿ."

"ಸಂತೋಷ. ನನ್ನ ಕಣ್ಣು ಮಂದ ಡಾಕ್ಟ್ರೇ. ಆ ಯಂತ್ರವನ್ನ ಒಂದ್ಸಲ ಕೆಳಗಿಳಿಸಿ, ಬಳಸೋಕೆ ಹೇಗೆ ಇಟ್ಕೋತೀರೋ ಹಾಗೆ ಮೇಜಿನ ಮೇಲಿಡ್ತೀರಾ? ನೋಡ್ಕೊಂಡು ಹೊರಟುಬಿಡ್ತೀನಿ."

ತೊಲಗಿದರೆ ಸಾಕೆನ್ನುವಂತೆ ಡಾಕ್ಟರು ಕೊಕ್ಕೆಯಿಂದ ಸುರುಳಿ ಇಳಿಸಿದರು. ಮೇಜಿನ ಕಡೆ ಎರಡು ಹೆಜ್ಜೆ ಇಟ್ಟರು. ಅಲ್ಲಿಂದಾಚೆ ಅವರ ಕೈ ಅವರ ಬಾಯಿಯ ಮಾತು ಕೇಳಲಿಲ್ಲ.

ಮೊದಲು ಹಲಗೆಯನ್ನು ಎಳೆದು ಮೇಜಿನ ಮೇಲೆ ಹಾಸಿದರು. ದೀಪದ ಕಡೆಯಿಂದ ಶುರುಮಾಡಿ ಬಾಲವನ್ನು ತೋಡಿನಲ್ಲಿ ಮಲಗಿಸುತ್ತ ಬಂದರು. ಎಲ್ಲೂ ತಿರುಚಲಿಲ್ಲ. ಪ್ರತಿ ಬಾಗಿನಲ್ಲೂ ಹೆಬ್ಬೆರಳಿಂದ ಮೆಲ್ಲಗೆ ಸವರಿ ಕೂರಿಸಿದರು, ಮಗುವನ್ನು ತಟ್ಟಿ ಮಲಗಿಸುವ ಹಾಗೆ.

ಮೇಷ್ಟ್ರ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಪ್ಪ... ಅಪ್ಪ ಹೀಗೇ ಹೆಬ್ಬೆರಳಲ್ಲಿ ಸವರ್ತಿದ್ರು."

ಡಾಕ್ಟರ ಹೆಬ್ಬೆರಳು ಕೊನೆಯ ಬಾಗಿನ ಮೇಲೆ ನಿಂತಿತು.

"ಸಿಸ್ಟರ್," ಎಂದ ಅರೆಗಣ್ಣ, ಕಣ್ಣು ಡಾಕ್ಟರ ಮೇಲಿಂದ ತೆಗೆಯದೆ, "ಪರೀಕ್ಷೆ ದಿನಗಳಲ್ಲಿ ಡಾಕ್ಟ್ರು ಹೀಗೇ ಹಲಗೆ ಹಾಸ್ತಿದ್ರಾ?"

"ಇಲ್ಲ ಸಾರ್. ಕೊಕ್ಕೆಯಿಂದ ತೆಗೆದು ಹಾಗೇ ಹೆಗಲ ಮೇಲೆ ಹಾಕ್ಕೊಳ್ತಿದ್ರು. ಹಲಗೆ ಕಡೆ ತಿರುಗಿಯೂ ನೋಡ್ತಿರಲಿಲ್ಲ."

"ಅಂದ್ರೆ ಆಗ ಗೊತ್ತಿರಲಿಲ್ಲ, ಈಗ ಗೊತ್ತಿದೆ. ನಡುವೆ ಯಾರೋ ನಿಮಗೆ ಕೈಹಿಡಿದು ಹೇಳಿಕೊಟ್ಟಿದ್ದಾರೆ. ಹೆಬ್ಬೆರಳಿಂದ ಸವರೋದನ್ನೂ ಸೇರಿಸಿ. ಮೇಷ್ಟ್ರಲ್ಲದೆ ಇನ್ಯಾರು ಡಾಕ್ಟ್ರೇ? ಆಮೇಲಿನದು ನನ್ನ ಲೆಕ್ಕ. ಕೊಕ್ಕೆ ಕಂಡ ಮೇಷ್ಟ್ರು, ಮನೆಗೆ ಕಳಿಸಿದವರನ್ನೆಲ್ಲ ವಾಪಸ್ ಕರೆಸಿ ಅಂತ ಹಟ ಹಿಡಿದ್ರು. ಕರೆಸೋ ತನಕ ಯಾರೂ ಇದನ್ನ ಮುಟ್ಟಬಾರದು ಅಂತ ತುದಿಯ ಬಿಲ್ಲೆ ಕಿತ್ತು ಕೈಯಲ್ಲಿ ಹಿಡ್ಕೊಂಡು ಹೊರಟ್ರು. ನಿಮಗೆ ಮಾರನೇ ದಿನ ಪ್ರದರ್ಶನ. ಹಿಂಬದಿ ಮೆಟ್ಟಿಲ ತನಕ ಹಿಂದೇನೇ ಹೋದ್ರಿ."

ಡಾಕ್ಟರು ಹೆಬ್ಬೆರಳನ್ನು ಹಿಂದಕ್ಕೆಳೆದುಕೊಂಡರು. ನಗೆ ಎಲ್ಲೋ ಬಿದ್ದುಹೋಗಿತ್ತು.

ಇಷ್ಟು ದಿನ ಕತ್ತಲಲ್ಲಿ ತಡಕಾಡಿದವನಿಗೆ ಕೈಗೆ ಏನೋ ಸಿಕ್ಕ ಸಂತೋಷ. ಅರೆಗಣ್ಣ ಅದನ್ನು ಮುಚ್ಚಿಡಲೂ ಇಲ್ಲ, ಮೀಸೆಯ ಮೇಲೆ ಬೆರಳಾಡಿಸಿದ. ಆ ಸಂತೋಷದ ಆಯಸ್ಸು ಬಾಗಿಲು ಬಡಿದ ಸದ್ದಿನವರೆಗೆ ಮಾತ್ರ.

ಧಪ್, ಧಪ್. ಎರಡು ಬಡಿತ.

ತಂಗಿ. ಶಾಲಾ ವ್ಯಾನು ಓಡಿಸುವವಳು. ಕಣ್ಣಿನ ಪೊರೆಯ ಅಣ್ಣನಿಗೆ ಬಿಡುವಿನ ಹೊತ್ತಿನಲ್ಲಿ ಸಾರಥಿ. ಅವಳ ವ್ಯಾನಿನ ಆಯಾ ತಗಡಿಗೆ ಒಂದು ಬಾರಿ ಬಡಿದರೆ ಹೊರಡು, ಎರಡು ಬಾರಿ ಬಡಿದರೆ ನಿಲ್ಲಿಸು. ಆ ಭಾಷೆ ಈಗ ಮನೆಯ ಬಾಗಿಲು, ಊಟದ ಮೇಜು, ಅಣ್ಣನ ಬೆನ್ನು ಎಲ್ಲಕ್ಕೂ ಹಬ್ಬಿದೆ.

"ನಿಲ್ಲಿಸಣ್ಣ ನಿನ್ನ ಭಾಷಣ. ಶಾಲೆ ಬಿಡೋ ಹೊತ್ತಾಯ್ತು. ಮಕ್ಕಳು ಗೇಟಲ್ಲಿ ಕಾಯ್ತಾವೆ, ನಿನ್ನ ಕಳ್ಳರು ಎಲ್ಲೂ ಹೋಗಲ್ಲ."

ಒಳಗೆ ಬಂದವಳು ಕೋಣೆಯನ್ನೆಲ್ಲ ಒಮ್ಮೆ ನೋಡಿದಳು, ನಕ್ಕಳು.

"ಓ, ಇದೇ ರೂಮಲ್ವಾ! ಇದೇ ಮೇಜಲ್ವಾ ನನ್ನ ಮಲಗಿಸಿದ್ದು. ಆವತ್ತು ಎಷ್ಟು ಹೆದರಿದ್ದೆ ಅಂತೀಯಾ! ಡಾಕ್ಟ್ರು ಆ ಕೊಕ್ಕೆಯಿಂದ ಕಪ್ಪು ಪೈಪು ತೆಗೆದ್ರು ನೋಡು, ತೋಟಕ್ಕೆ ನೀರು ಬಿಡೋಕೆ ಹೊರಟಿದ್ದಾರೇನೋ ಅಂದ್ಕೊಂಡೆ. ಅದನ್ನೇ ಸೀದಾ ನನ್ನ ಬಾಯಿಗೆ ಹಾಕಿದ್ರು!"

ಯಾರೂ ನಗಲಿಲ್ಲ.

ಅರೆಗಣ್ಣ ಗೋಡೆಯ ಕಡೆ ತಿರುಗಿದ. ಕೊಕ್ಕೆಯಿಂದ. ಅಂದರೆ ತಪಾಸಣೆಯ ನಂತರ. ನುಂಗುವಾಗ ಏನೋ ಅಡ್ಡ ಬಂದಂತಾಗುತ್ತದೆ ಎಂದು ಬಂದವಳು, "ಏನೂ ಇಲ್ಲವಂತೆ" ಎಂದು ಮನೆಯವರಿಗೆಲ್ಲ ಸಿಹಿ ಹಂಚಿದವಳು, ಆ ಬೂದಿ ಬಣ್ಣದ ಚಿತ್ರವನ್ನು ನಂಬಿದ್ದಳು. ಅವಳನ್ನು ನಂಬಿ ಅವನೂ ನಂಬಿದ್ದ. ಬೆಳಿಗ್ಗೆ ವ್ಯಾನಿನಲ್ಲಿ ಅವಳ ಬ್ರೆಡ್ಡಿನ ಪೊಟ್ಟಣ ಒಡೆಯದೇ ಬಿದ್ದಿದ್ದನ್ನು ನೋಡಿದ್ದ. ಹಸಿವಿಲ್ಲ ಅಂದಿದ್ದಳು. ನಿನ್ನೆಯೂ ಹಾಗೇ ಅಂದಿದ್ದಳು. ಊರವರ ಬೂಟಿನ ಕೆಸರು ನೋಡಿ ಜಾತಕ ಹೇಳುವವನು ಪಕ್ಕದಲ್ಲಿ ಕೂತ ತಂಗಿಯ ಗಂಟಲನ್ನು ನೋಡಿರಲಿಲ್ಲ.

"ಏನಾಯ್ತೋ? ಯಾಕೆ ಎಲ್ಲಾ ಹಾಗೆ ನೋಡ್ತಿದ್ದೀರಿ?"

ಹೇಳಬೇಕಾಯಿತು. ಹೇಳಿದ. ಎಷ್ಟು ಮೆತ್ತಗೆ ಹೇಳಿದರೂ ಆ ಮಾತು ಮೆತ್ತಗಾಗಲಿಲ್ಲ. ಕೇಳುತ್ತ ಕೇಳುತ್ತ ತಂಗಿ ಕೈಯಲ್ಲಿದ್ದ ವ್ಯಾನಿನ ಬೀಗದ ಕೈಯನ್ನು ಬಿಗಿಹಿಡಿದುಕೊಂಡಳು.

"ಹಂಗಾದ್ರೆ ನನಗೆ ಇದೆ ಅಂತಾನಾ?"

"ಇದೆ ಅಂತಲ್ಲ ಪುಟ್ಟಿ. ಇಲ್ಲ ಅಂತ ಹೇಳಿದ್ದು ಸುಳ್ಳು, ಅಷ್ಟೇ."

"ಅಷ್ಟೇನಾ," ಎಂದಳು ಅವಳು. ಆಮೇಲೆ ಮೇಷ್ಟ್ರ ಮಗಳ ಕಡೆ ತಿರುಗಿ, "ಈಗ ನೋಡೋಕಾಗುತ್ತಾ?"

ಮೇಷ್ಟ್ರ ಮಗಳು ಅರೆಗಣ್ಣ ಜೇಬಿನಿಂದ ತೆಗೆದುಕೊಟ್ಟ ಬೆಂಕಿಪೊಟ್ಟಣ ತೆರೆದು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಿಂದ ನಡುವಿನವರೆಗೆ ಕೂದಲಿನಂಥ ಬಿರುಕು. ಮುಷ್ಟಿಯೊಳಗೆ ಆದದ್ದು.

"ಇದೊಂದೇ ಇರೋದು. ಹೊಸದು ತರಿಸೋಕೆ ತಿಂಗಳುಗಟ್ಟಲೆ ಆಗುತ್ತೆ. ಹಾಕಿದ್ರೆ ಒಂದು ಸಲ ನೋಡಬಹುದು. ಸೋಂಕು ತೆಗೆಯೋ ನೀರಲ್ಲಿ ಅದ್ದಿ, ತುದಿಯ ಬಿಸಿಗೂ ಸಿಕ್ಕಿದ ಮೇಲೆ ಉಳಿಯುತ್ತೆ ಅಂತ ಹೇಳಲಾರೆ."

"ಹಾಕಮ್ಮ ಮತ್ತೆ. ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಕೆಲಸ ಶುರುವಾಯಿತು. ಮೇಷ್ಟ್ರ ಮಗಳು ಬಿಲ್ಲೆ ಕೂರಿಸಿದಳು, ಹಿರಿಯ ಸಿಸ್ಟರ್ ಕೊಳವೆಯನ್ನು ತೊಳೆದು ಸೋಂಕು ತೆಗೆದರು. ಈ ಸಲ ಬಾಲವನ್ನು ಹಲಗೆಯಿಂದ ಅಲುಗಿಸಲಿಲ್ಲ. ತುದಿಗೆ ಗಾಜಿನ ಪಟ್ಟಿಯೊಂದನ್ನು ಹಿಡಿದು, ಅದರ ಮೇಲೆ ಅಂಟಿಸಿದ್ದ ಪಾರದರ್ಶಕ ಟೇಪು ಪರದೆಯಲ್ಲಿ ಕಾಮನಬಿಲ್ಲಿನ ಬಣ್ಣ ತೋರಿಸುವ ತನಕ ಮೇಷ್ಟ್ರ ಮಗಳು ಹೊಂದಿಸಿದಳು. ವ್ಯಾನಿನ ಮಕ್ಕಳನ್ನು ಕರೆತರಲು ತಂಗಿ ಫೋನಿನಲ್ಲಿ ಬೇರೊಬ್ಬನಿಗೆ ಹೇಳಿದಳು. ಕೊನೆಯ ಸೀಟಿನ ಕಿಟಕಿ ಮುಚ್ಚಿದೆಯೋ ಇಲ್ಲವೋ ನೋಡು ಎಂದೂ ಹೇಳಿದಳು.

"ಬಿರುಕು ಪರದೆ ಮೇಲೆ ಗೆರೆಯಾಗಿ ಕಾಣುತ್ತೆ," ಎಂದಳು ಮೇಷ್ಟ್ರ ಮಗಳು. "ಹೆದರಬೇಡಿ. ಕೊಳವೆ ತಿರುಗಿಸಿದ್ರೂ ಅದು ಇದ್ದಲ್ಲೇ ಇರುತ್ತೆ. ಇದ್ದಲ್ಲೇ ಇರೋದು ಯಂತ್ರದ್ದು. ತಿರುಗಿಸಿದಾಗ ತಿರುಗೋದು ಮಾಂಸದ್ದು."

ಎಲ್ಲ ಸಿದ್ಧವಾಯಿತು. ಆಗ ಅರೆಗಣ್ಣನಿಗೆ ಹೊಳೆಯಿತು, ಮೊದಲೇ ಹೊಳೆಯಬೇಕಿದ್ದದ್ದು.

ಕೊಳವೆಯನ್ನು ಇಳಿಸುವವರು ಯಾರು?

ಮೇಷ್ಟ್ರ ಮಗಳಿಗೆ ಬೆಳಕು ಗೊತ್ತು, ಗಂಟಲು ಗೊತ್ತಿಲ್ಲ. ಸಿಸ್ಟರಿಗೆ ತೊಳೆಯುವುದು ಗೊತ್ತು. ಈ ಯಂತ್ರವನ್ನು ಜೀವಂತ ಮನುಷ್ಯರೊಳಗೆ ಇಳಿಸಿ ಗೊತ್ತಿರುವ ಕೈ ಈ ಕಟ್ಟಡದಲ್ಲಿ ಒಂದೇ. ಅದು ಗೋಡೆಗೊರಗಿ ಎಲ್ಲವನ್ನೂ ನೋಡುತ್ತ ನಿಂತಿತ್ತು.

"ನಾನು ಮಾಡ್ತೀನಿ," ಎಂದರು ಡಾಕ್ಟರು ಮೆಲ್ಲಗೆ. "ನನ್ನ ಬಗ್ಗೆ ನೀವು ಏನು ಬೇಕಾದ್ರೂ ಅಂದ್ಕೊಳ್ಳಿ. ರೋಗಿ ರೋಗಿನೇ."

"ಬೇಡ," ಎಂದ ಅರೆಗಣ್ಣ. "ಪುಟ್ಟಿ, ಬೇಡ. ಬೇರೆ ಡಾಕ್ಟ್ರು ಹುಡುಕೋಣ."

"ಎಲ್ಲಿಂದ ಹುಡುಕ್ತೀಯ? ಆ ಬಿಲ್ಲೆ ಅಷ್ಟು ದಿನ ಉಳಿಯುತ್ತಾ?" ತಂಗಿ ಚಪ್ಪಲಿ ಬಿಟ್ಟು ಮೇಜು ಹತ್ತಿದಳು. "ನೀನು ಪಕ್ಕದಲ್ಲೇ ಇರ್ತೀಯಲ್ಲ. ನಿನ್ನ ಕಣ್ಣೆದುರಿಗೆ ಏನು ಮಾಡ್ತಾರೆ? ಒಂದೂವರೆ ಕಣ್ಣೇ ಆದ್ರೂ."

ನಗಿಸಲು ಹೇಳಿದ್ದು. ಅವನಿಗೆ ಅಳು ಬಂತು.

ಗಂಟಲು ಮರಗಟ್ಟಲು ಸ್ಪ್ರೇ ಹೊಡೆದರು. ಎಡಕ್ಕೆ ಹೊರಳಿ ಮಲಗಿಸಿ, ಹಲ್ಲುಗಳ ನಡುವೆ ಕಚ್ಚಿಕೊಳ್ಳಲು ಪ್ಲಾಸ್ಟಿಕ್ ಬಳೆ ಇಟ್ಟರು. ಇನ್ನು ಅವಳು ಮಾತಾಡುವಂತಿಲ್ಲ. "ತಡೆಯೋಕಾಗದಿದ್ರೆ ಕೈ ಎತ್ತಿ," ಎಂದರು ಸಿಸ್ಟರ್. ತಂಗಿ ತಲೆಯಾಡಿಸಿ, ಮೇಜಿನ ತಗಡಿನ ಅಂಚಿಗೆ ಅಂಗೈಯಿಂದ ಒಂದು ಬಾರಿ ಬಡಿದಳು. ಹೊರಡು.

ಕೊಳವೆ ಇಳಿಯತೊಡಗಿದ್ದಷ್ಟೆ. ಮೇಷ್ಟ್ರನ್ನು ಮಲಗಿಸಿದ್ದ ಮೇಲಿನ ಮಹಡಿಯಿಂದ ಯಾರೋ ಓಡಿಬಂದು ಬಾಗಿಲಲ್ಲಿ ಇಣುಕಿದರು: ಮೇಷ್ಟ್ರು ಕೈಬೆರಳು ಆಡಿಸಿದರಂತೆ, ಏನೋ ಅನ್ನಲು ನೋಡುತ್ತಿದ್ದಾರಂತೆ, ಮಗಳು ಬೇಗ ಬರಬೇಕಂತೆ. ಅವಳು ಪರದೆಯ ಕಡೆ ನೋಡಿದಳು, ಅರೆಗಣ್ಣನ ಕಡೆ ನೋಡಿದಳು.

"ಹೋಗಮ್ಮ," ಎಂದ ಅವನು. ಅಪ್ಪನಿಗಾಗಿ ಕಾದು ನಿಂತವಳಿಗೆ ಇನ್ನೇನು ಹೇಳಲಾದೀತು? ಅವಳು ಓಡಿದಳು.

ಪರದೆಯ ಮೇಲೆ ಕೆನೆ ಬಣ್ಣದ ಸುರಂಗ. ಮೇಲಿನ ಮೂಲೆಯಿಂದ ಇಳಿದ ಕಪ್ಪು ಗೆರೆ, ಅದು ಬಿರುಕು. ಡಾಕ್ಟರು ಕೊಳವೆಯನ್ನು ಮೆಲ್ಲಗೆ ತಿರುಗಿಸಿದರು. ಗೆರೆ ಇದ್ದಲ್ಲೇ ಇತ್ತು. ಅರೆಗಣ್ಣ ಬಲಗಣ್ಣನ್ನು ಪೂರ್ತಿ ಮುಚ್ಚಿ ಎಡಗಣ್ಣನ್ನು ಪರದೆಗೆ ನೆಟ್ಟ. ಕೆನೆ, ಕೆನೆ, ಎಲ್ಲೆಲ್ಲೂ ಕೆನೆ. ದೇವರೇ, ಹೀಗೇ ಇರಲಿ. ಎಲ್ಲೋ ಒಂದು ಕಡೆ ಏನೋ ಮಬ್ಬಾಗಿ ಮಿನುಗಿದಂತಾಯಿತು. ನೀಲಿಯೋ? ಅವನ ಪೊರೆಯ ಚೇಷ್ಟೆಯೋ? ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಕೊಳವೆ ಮುಂದೆ ಸರಿದಿತ್ತು.

"ಸಿಸ್ಟರ್," ಎಂದರು ಡಾಕ್ಟರು, ತೀರಾ ಸಹಜವಾಗಿ, "ಒಳಗಿಂದ ಬಯಾಪ್ಸಿ ಫೋರ್ಸೆಪ್ಸ್ ತನ್ನಿ."

ಸಿಸ್ಟರ್ ಸ್ಟೆರಿಲೈಸ್ ಮಾಡುವ ಒಳಕೋಣೆಗೆ ಹೋದರು. ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಂಡಿತು.

ಫೋರ್ಸೆಪ್ಸ್ ಅಂದರೆ ಚೂರು ಚಿವುಟಿ ತೆಗೆಯುವ ಚಿಮಟ. ಏನೂ ಕಾಣದಿದ್ದರೆ ಚಿಮಟ ಯಾಕೆ ಬೇಕು? ಪತ್ತೇದಾರನಾಗಿ ಇಷ್ಟು ವರ್ಷಗಳಲ್ಲಿ ಯಾವ ಸುಳಿವೂ ಅರೆಗಣ್ಣನಿಗೆ ಇಷ್ಟು ಬೇಗ ಅರ್ಥವಾಗಿರಲಿಲ್ಲ, ಯಾವ ಸುಳಿವೂ ಸುಳ್ಳಾಗಲಿ ಎಂದು ಅವನು ಹೀಗೆ ಬೇಡಿಕೊಂಡಿರಲಿಲ್ಲ.

"ಹೌದು," ಎಂದರು ಡಾಕ್ಟರು, ಅವನ ಮುಖ ನೋಡಿಯೇ. ದನಿ ಇಳಿಸಿದ್ದರು. "ಚಿಕ್ಕದು. ಈಗಷ್ಟೇ ಶುರುವಾದ ಹಾಗಿದೆ. ಸರಿಯಾದ ಜಾಗದಿಂದ ಚಿವುಟಿ ತೆಗೆದು ಕಳಿಸಿದ್ರೆ ಬೇಗ ಗುಣ ಮಾಡಬಹುದು. ಆ ಜಾಗ ಎಲ್ಲಿದೆ ಅಂತ ನೀವು ನೋಡಿದ್ರಾ?"

ಅರೆಗಣ್ಣ ಮತ್ತೆ ಪರದೆಯ ಕಡೆ ತಿರುಗಿದ. ಅಲ್ಲಿ ಬರೀ ಕೆನೆ.

"ನೋಡಿಲ್ಲ. ರೆಕಾರ್ಡಿಂಗ್ ಹಾಕಿಲ್ಲ. ಮಾಮೂಲಿ ಬೆಳಕಲ್ಲಿ ಇದು ಯಾರಿಗೂ ಕಾಣಲ್ಲ. ಈಗ ಅದು ಗೊತ್ತಿರೋದು ನನ್ನೊಬ್ಬನಿಗೆ." ಡಾಕ್ಟರ ಹಣೆಯಲ್ಲಿ ಬೆವರು ಸಾಲಿಟ್ಟಿತ್ತು. ಅವರಿಗೂ ಇದು ಸುಲಭವಾಗಿರಲಿಲ್ಲ. ಅದನ್ನು ಕಂಡರೂ ಅರೆಗಣ್ಣನಿಗೆ ಪ್ರಯೋಜನವಿರಲಿಲ್ಲ. "ಮೆಟ್ಟಿಲ ಮೇಲೆ ನಾನು ಅವರ ತೋಳು ಹಿಡಿದೆ. ಅವರು ಕೊಸರಿಕೊಂಡ್ರು. ಅಷ್ಟೇ ಆಗಿದ್ದು. ನಾನು ತಳ್ಳಲಿಲ್ಲ. ಆದ್ರೆ ನೀವದನ್ನ ಬೇರೆ ಥರ ಹೇಳ್ತೀರಿ, ಜನ ನಂಬ್ತಾರೆ. ಮೇಷ್ಟ್ರು ಕಾಲು ಜಾರಿ ಬಿದ್ರು ಅಂತ ಬರೆದು ಕೇಸ್ ಬಿಟ್ಟುಬಿಡಿ. ಮನೆಗೆ ಹೋದವರನ್ನ ಕರೆಸೋ ಮಾತು ಎತ್ತಬೇಡಿ. ಸಿಸ್ಟರ್ ಬಂದ ತಕ್ಷಣ ಚಿವುಟಿ ತೆಗೀತೀನಿ. ಇಲ್ಲಾಂದ್ರೆ ಏನೂ ಕಾಣಲಿಲ್ಲ ಅಂತ ಕೊಳವೆ ಈಚೆ ಎಳೀತೀನಿ."

ಒಳಕೋಣೆಯಲ್ಲಿ ಬೀರುವಿನ ಬಾಗಿಲು ಕಿರುಗುಟ್ಟಿತು. ಟ್ರೇ ಮೇಲೆ ಲೋಹದ ಸದ್ದಾಯಿತು.

ಡಾಕ್ಟರ ಕುತ್ತಿಗೆ ಹಿಡಿಯಲೇ? ಅವರ ಕೈಯಲ್ಲಿರುವ ಕೊಳವೆ ಅವಳ ಗಂಟಲೊಳಗಿದೆ. ಹೂಂ ಅನ್ನಲೇ? ನಗುತ್ತ ನಗುತ್ತ ಮನೆಗೆ ಹೋದ ಅಷ್ಟೂ ಜನ, ಅವರವರ ಮನೆಯಲ್ಲಿ ಹಸಿವಿಲ್ಲ ಎನ್ನುತ್ತ ಕೂತಿರುವ ಅಷ್ಟೂ ಜನ ಕಣ್ಣ ಮುಂದೆ ಬಂದರು. ಮೇಲಿನ ಮಹಡಿಯಲ್ಲಿ ಬೆರಳಾಡಿಸುತ್ತಿರುವ ಮೇಷ್ಟ್ರು ಬಂದರು. ಹಾಳಾಗಿ ಹೋಗಲಿ ಎಲ್ಲ, ನನ್ನ ಪುಟ್ಟಿ ಉಳಿಯಲಿ ಎಂದು ಮನಸ್ಸು ಕೂಗಿತು. ಹಾಗೆ ಕೂಗಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಅದು ಮತ್ತೆ ಅದನ್ನೇ ಕೂಗಿತು.

"ಆಯ್ತು," ಎಂದು ಅವನ ತುಟಿ ಅಲ್ಲಾಡಿತು. ದನಿ ಬಂತೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

ಆಗಲೇ ಅವನು ತಂಗಿಯ ಕಣ್ಣು ನೋಡಿದ್ದು.

ಮರಗಟ್ಟಿದ್ದು ಗಂಟಲು ಮಾತ್ರ. ಕಿವಿಯಲ್ಲ. ಬಾಯ್ತುಂಬ ಕಪ್ಪು ಕೊಳವೆ, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರು, ಆ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತನಗೆ ಏನಿದೆ ಎಂಬುದನ್ನೂ, ಅದಕ್ಕೆ ಕಟ್ಟಿದ ಬೆಲೆಯನ್ನೂ, ಅಣ್ಣನ ತುಟಿ ಅಲುಗಿದ್ದನ್ನೂ.

ಅವಳ ಕೈ ಮೆಲ್ಲಗೆ ಮೇಲೆದ್ದಿತು. ಮೇಜಿನ ತಗಡಿನ ಅಂಚಿಗೆ ಬಡಿಯಿತು.

ಧಪ್.

ಒಂದು. ಒಪ್ಪಿಗೆಯೆಂದುಕೊಂಡು ಡಾಕ್ಟರು ಉಸಿರುಬಿಟ್ಟರು. ಒಳಬಾಗಿಲು ತೆರೆದು ಟ್ರೇ ಹಿಡಿದ ಹಿರಿಯ ಸಿಸ್ಟರ್ ಹೊಸ್ತಿಲಲ್ಲಿ ನಿಂತರು.

ತಂಗಿ ಅಣ್ಣನ ಮೇಲಿಂದ ಕಣ್ಣು ತೆಗೆಯದೆ, ಎರಡನೆಯ ಬಡಿತಕ್ಕೆ ಕೈಯನ್ನು ಮತ್ತೆ ಮೇಲೆತ್ತಿದಳು.